ಅತ್ತೆಯವರು ಆರಿಸಿದ ಸ್ಪೀಕರು

ಸುರಪುರ, ಫೆಬ್ರುವರಿ ೯, ಸೋಮವಾರ

ಯಾವ ಜೋಡಿ ಇಟ್ಟುಕೊಳ್ಳುವುದೆಂದು ಇವತ್ತು ತೀರ್ಮಾನವಾಯಿತು. ನಾನು ಮಾಡಿದ್ದಲ್ಲ.

ಶಹಾಪುರದ ಅಂಗಡಿಯವರು ಕೇಳಿ ನೋಡಲು ಕೊಟ್ಟ ಎರಡು ಜೋಡಿ ಪುಟ್ಟ ಸ್ಪೀಕರುಗಳನ್ನು ನಾಲ್ಕು ದಿನದಿಂದ ಕೇಳಿದ್ದೇ ಕೇಳಿದ್ದು. ಕರಿಯದು ಗುಂಯ್ ಎಂದು ಎದೆ ತುಂಬುತ್ತದೆ. ಮರದ್ದು ಅಗ್ಗದ್ದು, ದನಿ ಸ್ವಲ್ಪ ಒಣ. ನನ್ನ ಮನಸ್ಸು ಕರಿಯದರ ಮೇಲೇ ಇತ್ತು. ಎರಡನ್ನೂ ಗೋಡೆಯ ಮಾಡದಲ್ಲಿ, ದೀಪ ಇಡುವ ಗೂಡಿನಲ್ಲಿ, ಇಟ್ಟಿದ್ದೆ. "ಕೊಡದಾಗ ಕುಂತು ಹಾಡಿದಂಗ ಆಗ್ತದ, ಹೊರಗ ತೆಗಿ" ಎಂದು ಅತ್ತೆಯವರೇ ಸ್ಟೂಲಿನ ಮೇಲೆ ಇಡಿಸಿದರು.

ಸಂಜೆ, ಹೋದ ವಾರ ಭಜನೆಯಲ್ಲಿ ಅವರು ಹಾಡಿದ್ದನ್ನು ಫೋನಿನಿಂದ ಎರಡರಲ್ಲೂ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು.

"ಕರೇದರಾಗ ನನ್ನ ದನಿ ಛಲೋ ಅದ. ಮರದ್ದರಾಗ ನನ್ನ ದನಿ ನಂದೇ ಅದ, ಪರಿಮಳಾ. ಮೂರನೇ ನುಡಿಗಿ ಶ್ರುತಿ ಜಾರೀನಿ ನೋಡು. ಕರೇದು ಅದನ್ನ ಮುಚ್ಚಿಬಿಟ್ಟದ. ಮರದ್ದನ್ನೇ ಇಟ್ಕೋ."

ಎಪ್ಪತ್ತರ ಹತ್ತಿರದ ವಯಸ್ಸು, ಓಣಿಯೆಲ್ಲ ಹೊಗಳುವ ಕಂಠ. ತಪ್ಪು ತೋರಿಸಿಕೊಟ್ಟಿದ್ದನ್ನೇ ಆರಿಸಿಕೊಂಡರು! ನಾಲ್ಕು ದಿನ ನಾನು ಹುಡುಕಿದ್ದು ಹೊಗಳುವ ಸ್ಪೀಕರನ್ನು.

ಈಗ ಒಳಗೆ ಆ ಮೂರನೇ ನುಡಿಯನ್ನು ಮತ್ತೆ ಮತ್ತೆ ಹಾಡಿಕೊಳ್ಳುತ್ತಿದ್ದಾರೆ. ಪೆನ್ನು ಹಿಡಿದು ಕಾಯುತ್ತಿದ್ದೇನೆ. ಆ ಜಾಗ ಬಂತು.

ಜಾರಲಿಲ್ಲ.