ರಬ್ಬರು ಹಾಸಿನ ಕೆಳಗೆ

ಪ್ರೀತಿಯ ತಮ್ಮನಿಗೆ,

ಅಣ್ಣನ ಹರಕೆ ಮೊದಲು, ಕಠಿಣವಾದುದು ಆಮೇಲೆ.

ಕಾರನ್ನು ಒಂದು ತಿಂಗಳ ಮಟ್ಟಿಗೆ ನಿನ್ನ ಗ್ಯಾರೇಜಿನಲ್ಲಿ ಬಿಟ್ಟರೆ ಹೊಸದರಂತೆ ಮಾಡಿಕೊಡುವೆನೆಂದು ನೀನು ಹೇಳಿ ಕಳುಹಿಸಿದ ಮಾತು ತಲುಪಿತು. ನಮ್ಮ ಮನೆಯಲ್ಲಿಯೂ ವಾರದಿಂದ ಇದೇ ಚರ್ಚೆ: ರಿಪೇರಿಯೋ, ಗುಜರಿಯೋ? ಸೊಂಟದ ಮೂಳೆ ಮುರಿದು ಮಲಗಿರುವ ನಿನ್ನ ಅತ್ತಿಗೆ, ಮಲಗಿದಲ್ಲಿಂದಲೇ ನಿನ್ನ ಪರ ವಾದಿಸುತ್ತಾಳೆ. "ಇಪ್ಪತ್ತೆರಡು ವರ್ಷ ಮಗು ಥರ ನೋಡ್ಕೊಂಡಿದಾನೆ, ಅವನ ಕೈಗೇ ಕೊಡಿ" ಎನ್ನುತ್ತಾಳೆ. ತಾನು ಓಡಿಸುತ್ತಿದ್ದ ಕಾರು ಇಳಿಜಾರಿನಲ್ಲಿ ಗೋಡೆಗೆ ಗುದ್ದಿ ತಾಯಿಯ ಮೂಳೆ ಮುರಿದ ದಿನದಿಂದ ಮಗಳು ಯಾರದೇ ಕಾರಿನಲ್ಲಿ ಚಾಲಕನ ಪಕ್ಕದ ಆಸನದಲ್ಲಿಯೂ ಕುಳಿತಿಲ್ಲ. ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುತ್ತಾಳೆ, ಬಂದು ತಾಯಿಯ ಮಗ್ಗುಲು ಬದಲಿಸುತ್ತಾಳೆ. ತಾಯಿಯ ಮುಖವನ್ನು ಮಾತ್ರ ನೋಡುವುದಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ನೀನು ಆಡಿದ ಮಾತು ನಿನಗೆ ನೆನಪಿರಬೇಕು. "ಬ್ರೇಕು ಸರಿಯಾಗೇ ಇತ್ತು. ಗಾಬರೀಲಿ ಆಕ್ಸಿಲರೇಟರ್ ತುಳಿದಿದಾಳೆ. ಹೊಸಬರು ಮಾಡೋದೇ ಹಾಗೆ." ಬ್ರೇಕಿನ ಪೆಡಲು ತಳದವರೆಗೂ ಇಳಿದುಹೋಯಿತೆಂದು ಅವಳು ಎರಡು ಬಾರಿ ಹೇಳಿದಳು. ಮೂರನೆಯ ಬಾರಿ ಹೇಳಲಿಲ್ಲ. ಕಾರಿನ ವಿಷಯದಲ್ಲಿ ನಮ್ಮ ಮನೆಗೆ ನಿನ್ನ ಮಾತೇ ವೇದವಾಕ್ಯವಲ್ಲವೇ?

ನಿನಗೆ ತಿಳಿಸದೆ ಕಾರನ್ನು ಬೇರೊಬ್ಬ ಮೆಕ್ಯಾನಿಕನ ಬಳಿಗೆ ಎಳೆಸಿಕೊಂಡು ಹೋದೆ. ಆತ ಕಾಲಡಿಯ ರಬ್ಬರು ಹಾಸನ್ನು ಎತ್ತಿ ತಳದ ತಗಡಿಗೆ ಸ್ಕ್ರೂಡ್ರೈವರನ್ನು ಒತ್ತಿದ. ಅದು ನೆನೆದ ರಟ್ಟಿನೊಳಗೆ ಇಳಿದಂತೆ ಇಳಿಯಿತು. "ಯಜಮಾನ್ರೇ, ಇದಕ್ಕೆ ತಳ ಎಲ್ಲಿದೆ? ತೂತು ಮುಚ್ಚಿದ ಪುಟ್ಟಿನೂ ಬಣ್ಣನೂ ಕೈ ಕೈ ಹಿಡ್ಕೊಂಡು ನಿಂತಿವೆ, ಅಷ್ಟೆ." ಬಳಿಕ ಬ್ರೇಕಿನ ಎಣ್ಣೆ ಹರಿಯುವ ಪೈಪನ್ನು ತೋರಿಸಿದ. ತುಕ್ಕು ತಿಂದ ಕಡೆ ಟೇಪು ಸುತ್ತಿ, ಮೇಲೆ ಕಪ್ಪು ಬಣ್ಣ ಬಳಿಯಲಾಗಿತ್ತು; ಅಲ್ಲೇ ಬಿರಿದು ಎಣ್ಣೆಯೆಲ್ಲ ಸೋರಿಹೋಗಿತ್ತು. ಬಣ್ಣ ಅಂಚು ಮೀರಿ ಹರಿದಿತ್ತು. ಕಣ್ಣು ನೆಟ್ಟಗಿದ್ದ ಕಾಲದಲ್ಲಿ ನಿನ್ನ ಬಣ್ಣ ಎಂದೂ ಅಂಚು ಮೀರಿದ್ದಿಲ್ಲ.

ಕಳೆದ ಸಲ ಕಾರನ್ನು ಬಿಡಲು ಬಂದಾಗ, ಎದುರಿಗೇ ಇದ್ದ ನಟ್ಟಿಗಾಗಿ ನೀನು ತಡಕಾಡುತ್ತಿದ್ದುದನ್ನು ಕಂಡೆ. ಕೇಳಿದ್ದಕ್ಕೆ, "ಕಣ್ಣು ಯಾಕಣ್ಣ, ಬೆರಳಿಗೇ ಗೊತ್ತು" ಎಂದು ನಕ್ಕೆ. ನಾನೂ ನಕ್ಕೆ. ವರ್ಷದಿಂದ ನಿನ್ನ ಗ್ಯಾರೇಜಿಗೆ ನಮ್ಮ ಕಾರೊಂದೇ ಬರುತ್ತಿತ್ತು. ಅದೂ ನಿಂತರೆ ನೀನು ಬೆಳಿಗ್ಗೆ ಎದ್ದು ಬಾಗಿಲು ತೆರೆಯಲು ಕಾರಣವೇ ಇರುತ್ತಿರಲಿಲ್ಲ. ಬೇರೆ ಕಾರು ಕೊಳ್ಳೋಣವೆಂದು ನಿನ್ನ ಅತ್ತಿಗೆ ಹೇಳಿದಾಗಲೆಲ್ಲ ನಾನೇ ತಡೆದೆ. ನಿನ್ನ ಮಾನ ಕಾಯಲೆಂದು ತಾಯಿ ಮಗಳಿಬ್ಬರನ್ನೂ ತಳವಿಲ್ಲದ ಕಾರಿನಲ್ಲಿ ಕೂರಿಸಿ ಕಳುಹಿಸಿದವನು ನಾನು. ನಿನ್ನ ಕಣ್ಣಿನದು ಕಾಯಿಲೆ. ನನ್ನದು ಜಾಣ ಕುರುಡು.

ಆದ್ದರಿಂದ ಕಾರು ನಿನ್ನ ಕೈಗೆ ಬರುವುದಿಲ್ಲ. ಗುರುವಾರ ಗುಜರಿಯವರು ಬಂದು ಎಳೆದುಕೊಂಡು ಹೋಗುತ್ತಾರೆ. ರಿಪೇರಿಗೆ ಕೊಟ್ಟಿದ್ದರೆ ಆ ಪೈಪು ಹೋಗಿ ಹೊಸದು ಬರುತ್ತಿತ್ತು. ನನ್ನ ಮಗಳ ಪರವಾಗಿ ಸಾಕ್ಷಿ ನುಡಿಯುವ ವಸ್ತು ಅದೊಂದೇ. ಅದನ್ನು ಬಿಚ್ಚಿಸಿ ತಂದು ಮೇಜಿನ ಮೇಲಿಟ್ಟಿದ್ದೇನೆ. ಇಂದು ಅವಳು ಕೆಲಸದಿಂದ ಬಂದೊಡನೆ ತಾಯಿಯ ಎದುರಿಗೇ ಅವಳ ಕೈಗಿಡುತ್ತೇನೆ. ಮೊದಲು ನನ್ನ ತಪ್ಪನ್ನು ಹೇಳುತ್ತೇನೆ, ಅನಂತರ ನಿನ್ನದನ್ನು.

ಆ ದಿನ ಆಸ್ಪತ್ರೆಯಲ್ಲಿ ನಿಜ ತಿಳಿದೇ ಹಾಗೆ ನುಡಿದೆಯೋ, ನಿನ್ನ ಬೆರಳುಗಳನ್ನು ನಂಬಿ ನುಡಿದೆಯೋ, ನಾನು ಕೇಳುವುದಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ. ಅವಳು ಕೇಳಿಯಾಳು. ಬಂದು ಅವಳಿಗೆ ಉತ್ತರ ಕೊಡು.

ಈ ಅಕ್ಷರಗಳನ್ನು ಬೆರಳಗಲ ಬರೆದಿದ್ದೇನೆ, ಒಂದು ಹಾಳೆಗೆ ಐದೇ ಸಾಲು. ಕಿಟಕಿಯ ಬಳಿ ಕುಳಿತು ನೀನೇ ಓದಿಕೋ, ಯಾರಿಂದಲೂ ಓದಿಸಬೇಡ.

ಉಳಿದಿರುವ ಬೆಳಕು ನಿನ್ನನ್ನು ಕೈಬಿಡದಿರಲಿ.

ಇಂತು,
ನಿನ್ನ ಅಣ್ಣ