ದೋಣಿಯಲ್ಲಿ ಮೂರೇ ಜಾಗ

ಜುಲೈ 5, ಬುಧವಾರ

ಶಾಲೆಯ ಲ್ಯಾಬಿನಲ್ಲಿ ಇವತ್ತೂ ಎರಡು ಕಂಪ್ಯೂಟರ್ ಏಳಲಿಲ್ಲ. ತೇವ. ಪೆಲೋಟಾಸ್‌ನಲ್ಲಿ ಜುಲೈ ಎಂದರೆ ಚಳಿಗಾಲ, ಗೋಡೆಗಳೇ ಬೆವರುತ್ತವೆ, ಪಾಪ ಅವುಗಳದ್ದೇನು ತಪ್ಪು. ಮನೆಗೆ ಬಂದು ಮಾಟೆ ಸೊಪ್ಪಿಗೆ ಬಿಸಿನೀರು ಹಾಕಿ, ಕೊಳವೆ ಬಾಯಿಗಿಟ್ಟುಕೊಂಡು ಏಳಕ್ಕೆ ಕಂಪ್ಯೂಟರ್ ಮುಂದೆ ಕೂತೆ. ಮಗಳು ತಾಯ್ನಾ ಆಗಲೇ ದೋಣಿಯಲ್ಲಿದ್ದಳು.

ಬುಧವಾರ, ಶನಿವಾರ. ನನ್ನ ಪಾಲಿಗೆ ಬಂದ ದಿನಗಳು. ಹೆಂಡತಿ ಜುಸಾರಾ ನನ್ನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ದೇಶದ ಇನ್ನೊಂದು ತುದಿಯ ಫೊರ್ಟಾಲೆಜಾಗೆ ಹೋಗಿ ಎರಡು ವರ್ಷವಾಯಿತು. ಫೋನಿನಲ್ಲಿ ತಾಯ್ನಾ "ಹೂಂ", "ಚೆನ್ನಾಗಿದೀನಿ" ಅನ್ನುತ್ತಾಳೆ, ಮುಗಿಯಿತು. 'ಮಾರೆ ಆಲ್ತಾ' ಎಂಬ ಆನ್‌ಲೈನ್ ಆಟದಲ್ಲಿ ದೋಣಿ ಹತ್ತಿದರೆ ಮಾತ್ರ ಬಾಯಿ ಬಿಡುತ್ತಾಳೆ. ದೋಣಿಗೆ ಮೂರು ಜನ. ಅವಳದು ಚುಕ್ಕಾಣಿ, ಅವಳ ಗೆಳತಿ ರಾಯ್ಸಾದು ಹಾಯಿ, ಒಳಗೆ ನುಗ್ಗಿದ ನೀರನ್ನು ಹೊರಗೆ ಚೆಲ್ಲುವುದು ನಾನು. ಹದಿಮೂರು ವರ್ಷದ ಕ್ಯಾಪ್ಟನ್ ಬೈಯುತ್ತಾಳೆ, ನಾನು ಚೆಲ್ಲುತ್ತೇನೆ.

"ಅಪ್ಪಾ, ಬೇಗ! ಮುಳುಗ್ತಾ ಇದೀವಿ, ನೀನು ಮಾಟೆ ಹೀರ್ತಾ ಕೂತಿದೀಯಾ?"

"ನಿಂಗೆ ಹೇಗೆ ಗೊತ್ತಾಯ್ತೇ?"

"ಮೈಕಲ್ಲಿ ಸೊರ್ ಸೊರ್ ಅಂತ ಕೇಳ್ಸುತ್ತೆ. ರಾಯ್ಸಾ ನಗ್ತಿದಾಳೆ."

ಗಣಿತದಲ್ಲಿ ಕಡಿಮೆ ಬಂದದ್ದು, ಹಲ್ಲಿಗೆ ತಂತಿ ಹಾಕಿಸಿದ್ದು, ಎಲ್ಲ ಬಿರುಗಾಳಿಯ ಮಧ್ಯೆ ಹೇಳಿದಳು.

ಇಷ್ಟೂ ನಡೆಯುವುದು ನನ್ನ ಹಳೇ ಡಬ್ಬ ಕಂಪ್ಯೂಟರಿನಲ್ಲಿ, ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಮೇಲೆ. ಆಟ ಮಾಡಿರುವುದು ವಿಂಡೋಸ್‌ಗೆ. ನಡುವೆ ಒಂದು ಪ್ರೋಗ್ರಾಂ ದುಭಾಷಿಯ ಹಾಗೆ ಕೂತು ಇದರ ಮಾತನ್ನು ಅದಕ್ಕೆ, ಅದರ ಮಾತನ್ನು ಇದಕ್ಕೆ ಹೇಳುತ್ತಿರುತ್ತದೆ. ಒಂದು ದಿನವೂ ಕೈಕೊಟ್ಟಿಲ್ಲ. ಲಿನಕ್ಸ್‌ನಲ್ಲಿ ಆಟ ಆಡಲಿಕ್ಕಾಗದು ಅನ್ನುವ ಪಂಡಿತರನ್ನೆಲ್ಲ ಕರೆದು ಈ ಕುರ್ಚಿಯಲ್ಲಿ ಕೂರಿಸಬೇಕು.

ಜುಲೈ 8, ಶನಿವಾರ

ಆಟ ತೆರೆಯುವ ಮೊದಲೇ ಒಂದು ನೋಟಿಸ್. ಮೋಸದಾಟ ತಡೆಯಲು ಹೊಸ ಕಾವಲು ಪ್ರೋಗ್ರಾಂ ತರುತ್ತಾರಂತೆ. ಕಂಪ್ಯೂಟರಿನ ಬೇರಿನವರೆಗೂ ಇಳಿದು ನೋಡುತ್ತದಂತೆ. ಲಿನಕ್ಸ್‌ನಲ್ಲಿ ಹಾಗೆ ಇಳಿಯಲು ಬಿಡುವುದಿಲ್ಲ, ಆದ್ದರಿಂದ ಆಗಸ್ಟ್ ಒಂದರಿಂದ ಲಿನಕ್ಸ್‌ನವರಿಗೆ ಪ್ರವೇಶವಿಲ್ಲ. 'ನಿಮ್ಮ ಸಹಕಾರಕ್ಕೆ ಧನ್ಯವಾದ' ಅಂತ ಬೇರೆ.

ಓದಿದೆ. ಏನೂ ಅನ್ನಿಸಲಿಲ್ಲ. ಎದ್ದು ಪಾತ್ರೆ ತೊಳೆದೆ. ತಾಯ್ನಾ ಕರೆದಳು, ಹೋಗಿ ನೀರು ಚೆಲ್ಲಿದೆ.

ಜುಲೈ 12, ಬುಧವಾರ

ನೋಟಿಸಿನ ವಿಷಯ ತಾಯ್ನಾಗೆ ಹೇಳಿದೆ.

"ಅಷ್ಟೇನಾ? ವಿಂಡೋಸ್ ಹಾಕ್ಕೋ ಅಪ್ಪ."

"ಬೇರೆ ದಾರಿ ನೋಡ್ತೀನಿ ಪುಟ್ಟಾ."

"ಯಾಕೆ ಬೇರೆ ದಾರಿ? ರಾಯ್ಸಾ ಮನೇಲಿ ಅವಳ ಅಜ್ಜಿನೂ ವಿಂಡೋಸೇ ಯೂಸ್ ಮಾಡೋದು."

ಅಜ್ಜಿಗೂ ನನಗೂ ವ್ಯತ್ಯಾಸವಿದೆ ಎಂದು ವಿವರಿಸಲು ಹೊರಟೆ... ಆಗಲೇ ಅವಳು ಶತ್ರುಗಳ ಹಡಗು ನೋಡಿ ಕಿರುಚಿದಳು.

ಇಪ್ಪತ್ತು ವರ್ಷದಿಂದ ಈ ಮನೆಯೊಳಗೆ ವಿಂಡೋಸ್ ಬಂದಿಲ್ಲ. ನನ್ನ ಕಂಪ್ಯೂಟರ್, ನನ್ನ ಮಾತು ಕೇಳಬೇಕು. ಮುಕ್ತ ತಂತ್ರಾಂಶದ ಸಮ್ಮೇಳನಗಳಿಗೆ ಗೆಳೆಯ ಓದಿಲೋನ್ ಮತ್ತು ನಾನು ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದೇವೆ, ಬ್ಯಾನರ್ ಹಿಡಿದಿದ್ದೇವೆ. ಜುಸಾರಾ ಆಫೀಸಿನ ಫೈಲು ತೆರೆಯಲು ಅಕ್ಕನ ಮನೆಗೆ ಹೋಗುತ್ತಿದ್ದಳು. ಬಿಟ್ಟು ಹೋಗುವಾಗ ಅದೂ ಒಂದು ಕಾರಣ ಅಂದಿದ್ದಳು. ತಮಾಷೆಗೆ ಅಂದುಕೊಂಡಿದ್ದೆ.

ಮತ್ತೊಂದು. ತಾಯ್ನಾ ಚಳಿಗಾಲದ ರಜೆಗೆ ಬರುವುದಿಲ್ಲ. ಎವಾಂದ್ರೊನ ಅಪ್ಪ-ಅಮ್ಮನದು ಸಮುದ್ರದ ದಂಡೆಯಲ್ಲಿ ಮನೆ ಇದೆಯಂತೆ, ಅಲ್ಲಿಗೆ. ಎವಾಂದ್ರೊ ಎಂದರೆ ಜುಸಾರಾಳ ಈಗಿನ ಗಂಡ. ಸರಿ ಅಂದೆ. ಇನ್ನು ದೋಣಿಯೊಂದೇ ಉಳಿಯಿತು.

ಜುಲೈ 20, ಗುರುವಾರ

ಓದಿಲೋನ್ ಮನೆಗೆ ಹೋದೆ, ಏನಾದರೂ ಉಪಾಯ ಹೇಳಲಿ ಎಂದು. ಹೇಳದೇ ಹೋದದ್ದು ನನ್ನ ತಪ್ಪು. ಅವನ ಸ್ಕ್ರೀನ್ ಮೇಲೆ ವಿಂಡೋಸ್ ಹಲ್ಲು ಕಿರಿದು ನಿಂತಿತ್ತು.

"ಏನೋ ಇದು?"

"ಅರ್ಧ ಡಿಸ್ಕ್ ಲಿನಕ್ಸ್, ಅರ್ಧ ಇದು. ಫುಟ್‌ಬಾಲ್ ಗೇಮಿಗೆ ಮಾರಾಯ. ಐದಾರು ವರ್ಷ ಆಯ್ತು."

"ಎದುರು ಕ್ಲಬ್ಬಿನ ಜೆರ್ಸಿ ಹಾಕ್ಕೊಂಡು ನಮ್ಮ ಸ್ಟೇಡಿಯಂನಲ್ಲಿ ಕೂತಿದೀಯಲ್ಲೋ!"

"ಒಳಬನಿಯನ್ ಥರ ಹಾಕ್ಕೊಂಡಿದೀನಿ ಕಣೋ. ಮೇಲೆ ನಮ್ಮದೇ ಜೆರ್ಸಿ. ಹೆಂಡತಿಗೆ ಗೊತ್ತು, ಮಕ್ಕಳಿಗೆ ಗೊತ್ತು. ನಿಂಗೊಬ್ಬನಿಗೆ ಹೇಳೋಕೆ ಭಯ ಆಗ್ತಿತ್ತು."

ಇಬ್ಬರೂ ನಕ್ಕೆವು. ನಾನು ತುಸು ಕಡಿಮೆ. ಉಪಾಯವೊಂದಿದೆ, ಆದರೆ ಬೇಡ ಅಂದ. ಕಾವಲು ಪ್ರೋಗ್ರಾಮಿಗೆ ಇದು ವಿಂಡೋಸ್ ಯಂತ್ರವೇ ಎಂದು ನಂಬಿಸುವ ತೇಪೆ ಪ್ರೋಗ್ರಾಮೊಂದು ನೆಟ್‌ನಲ್ಲಿ ಓಡಾಡುತ್ತಿದೆಯಂತೆ. "ಸಿಕ್ಕಿಬಿದ್ರೆ ಮೋಸಗಾರ ಅಂತ ಹಣೆಗೆ ಬರೆದು ಆಚೆ ಹಾಕ್ತಾರೆ ನಿಲ್ಮಾರ್. ಮಗಳ ಜೊತೆ ಆಡೋದು ತಾನೇ? ಅರ್ಧ ಡಿಸ್ಕ್ ಕೊಟ್ಬಿಡು ಅದಕ್ಕೆ."

ಮನೆಯವರೆಗೂ ನಡೆದೇ ಬಂದೆ. ಮಂಜಿನಲ್ಲಿ ಎದುರಿನ ಮನುಷ್ಯ ಕಾಣುತ್ತಿರಲಿಲ್ಲ.

ಆಗಸ್ಟ್ 2, ಬುಧವಾರ

'ಈ ವ್ಯವಸ್ಥೆಗೆ ಬೆಂಬಲವಿಲ್ಲ.' ಬೂದು ಬಣ್ಣದ ಚೌಕ. ಏಳರಿಂದ ಅದರ ಮುಂದೆ ಕೂತಿದ್ದೆ. ತಾಯ್ನಾಗೆ ಫೋನ್ ಮಾಡಿದೆ. "ಹೂಂ. ಚೆನ್ನಾಗಿದೀನಿ. ರಾಯ್ಸಾ ಕಾಯ್ತಿದಾಳೆ ಅಪ್ಪ, ಇಡ್ಲಾ?"

ಇಡು ಅಂದೆ.

ಆಗಸ್ಟ್ 5, ಶನಿವಾರ

ತೇಪೆ ಹಾಕಿದೆ! ಬೆಳಿಗ್ಗೆಯಿಂದ ಗುದ್ದಾಡಿ ಸಂಜೆಗೆ ಕೂಡಿಬಂತು. ಬೂದು ಚೌಕ ಬರಲಿಲ್ಲ, ಸಮುದ್ರ ಬಂತು. ದೋಣಿಗೆ ಹತ್ತಿದಾಗ ತಾಯ್ನಾ ಕೂಗಿದ್ದು ಇನ್ನೂ ಕಿವಿಯಲ್ಲಿದೆ. "ಅಪ್ಪ ಬಂದ! ವಿಂಡೋಸ್ ಹಾಕ್ಕೊಂಡ್ಯಾ?"

"ಇಲ್ವೇ ಇಲ್ಲ. ನಿಮ್ಮಪ್ಪ ಯಾರು ಅಂದ್ಕೊಂಡೆ?"

"ಹಠಮಾರಿ" ಅಂದಳು. ನಕ್ಕಳು ಕೂಡ.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಓದಿಲೋನ್‌ಗೆ ಫೋಟೋ ಕಳಿಸಿದೆ.

ಆಗಸ್ಟ್ 9, ಬುಧವಾರ, ಸಂಜೆ

ಖಾತೆ ಮುಚ್ಚಿದ್ದಾರೆ. ನನ್ನದು.

ತಾಯ್ನಾಳದೂ.

ತೇಪೆಯವನ ಜೊತೆ ಒಂದೇ ದೋಣಿಯಲ್ಲಿದ್ದವರು ಮೋಸದಲ್ಲೂ ಪಾಲುದಾರರು ಎಂದು ಅವರ ಲೆಕ್ಕ. ರಾಯ್ಸಾ ಉಳಿದುಕೊಂಡಿದ್ದಾಳೆ, ಶನಿವಾರ ಅವಳು ಬಂದಿರಲಿಲ್ಲ. ತಾಯ್ನಾ ತಾನೇ ಫೋನ್ ಮಾಡಿದಳು. ಎಂದೂ ಮಾಡುವವಳಲ್ಲ.

"ಅಪ್ಪಾ, ನನ್ನ ಹೆಸರ ಮುಂದೆ ಕೆಂಪಲ್ಲಿ 'ಮೋಸ' ಅಂತ ಬಂದಿದೆ. ಕ್ಲಾಸ್‌ನವರೆಲ್ಲ ನೋಡಿದಾರೆ. ನಾನೇನು ಮಾಡ್ದೆ?"

"ನೀನೇನೂ ಮಾಡಿಲ್ಲ ಪುಟ್ಟಾ. ನನ್ನ ಕಂಪ್ಯೂಟರ್..."

"ನನ್ನ ದೋಣಿ ಹೋಯ್ತಲ್ಲ ಅಪ್ಪ."

ಅಳುತ್ತಿದ್ದಳು. ಹಲ್ಲಿನ ತಂತಿಯಿಂದ ಮಾತು ತೊದಲುತ್ತಿತ್ತು. ಹಿಂದಿನಿಂದ ಒಬ್ಬ ಗಂಡಸು ಸಮಾಧಾನ ಮಾಡುವುದು ಕೇಳಿಸಿತು. ಆಮೇಲೆ ಜುಸಾರಾ ಫೋನ್ ತೆಗೆದುಕೊಂಡಳು.

"ನಿನ್ನ ಸಿದ್ಧಾಂತಕ್ಕೆ ನಾನು ಬಲಿ ಆಗಿದ್ದು ಸಾಕಿತ್ತು ನಿಲ್ಮಾರ್. ಆ ಮಗೂನ ಯಾಕೆ ಎಳೀತೀಯ?"

ಫೋನ್ ಇಟ್ಟು ತೇಪೆಯನ್ನು ಅಳಿಸಿಹಾಕಿದೆ.

ಆಗಸ್ಟ್ 10

ಕಂಪನಿಗೆ ಬರೆದೆ. ತೇಪೆ ಹಾಕಿದ್ದು ನಾನು, ಮಗುವಿಗೆ ಗೊತ್ತಿರಲಿಲ್ಲ, ನನ್ನ ಖಾತೆ ಬೇಕಾದರೆ ಸುಟ್ಟುಬಿಡಿ, ಅವಳದು ಕೊಡಿ. ಇಪ್ಪತ್ತು ವರ್ಷದಲ್ಲಿ ಯಾವ ಕಂಪನಿಯ ಮುಂದೆಯೂ ಹೀಗೆ ಕೈಮುಗಿದವನಲ್ಲ. ಮುಗಿದೆ. ಬರೆಯುವಾಗ ನಾಚಿಕೆಯೂ ಆಗಲಿಲ್ಲ.

ಆಗಸ್ಟ್ 13, ಭಾನುವಾರ

ಆಗಸ್ಟ್‌ನ ಎರಡನೇ ಭಾನುವಾರ, ನಮ್ಮಲ್ಲಿ ಅಪ್ಪಂದಿರ ದಿನ. ಬೀದಿಯಲ್ಲೆಲ್ಲ ಔತಣದ ಮಾಂಸ ಸುಡುವ ಹೊಗೆ. ಫೋನ್ ಬರಲಿಲ್ಲ.

ಆಗಸ್ಟ್ 22, ಮಂಗಳವಾರ

ಉತ್ತರ ಬಂತು. ತಾಯ್ನಾಳ ಖಾತೆ, ದೋಣಿ ಎರಡನ್ನೂ ಮರಳಿಸಿದ್ದಾರೆ. ಕೆಂಪು ಅಕ್ಷರ ಅಳಿಸಿದ್ದಾರೆ. ನನ್ನದು ಶಾಶ್ವತವಾಗಿ ಮುಚ್ಚಿದೆ. ಹೊಸ ಹೆಸರಿನಲ್ಲಿ, 'ಬೆಂಬಲಿತ ವ್ಯವಸ್ಥೆ'ಯಲ್ಲಿ ಬರಬಹುದಂತೆ.

ಅವಳಿಗೆ ಮೆಸೇಜ್ ಹಾಕಿದೆ. ಹೆಬ್ಬೆರಳಿನ ಚಿತ್ರ ಬಂತು.

ಆಗಸ್ಟ್ 26, ಶನಿವಾರ

ವಿಂಡೋಸ್ ಹಾಕಿದೆ.

ಊಟ ಮುಗಿಸಿ ಕೂತವನು ಸಂಜೆ ಬೆಳಕಿರುವಾಗಲೇ ಎದ್ದೆ. ಅರ್ಧ ಡಿಸ್ಕ್ ಕೊಡುತ್ತೇನೆ ಎಂದುಕೊಂಡಿದ್ದೆ. ಆಮೇಲೆ ಪೂರ್ತಿ ಕೊಟ್ಟುಬಿಟ್ಟೆ. ಅಳಿಸಲೇ ಎಂದು ಕೇಳಿತು, ಹೌದು ಅಂದೆ. ದುಃಖವಾಗುತ್ತದೆ ಎಂದು ಕಾದೆ. ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಮರಗಟ್ಟಿದೆ, ಅಷ್ಟೇ. ಕಾವಲು ಪ್ರೋಗ್ರಾಂ ಬೇರಿನವರೆಗೂ ಇಳಿಯಿತು. ಇಳಿಯಲಿ.

ಏಳಕ್ಕೆ ಹೊಸ ಹೆಸರಿನಲ್ಲಿ ಹೋದೆ. ಆಟದಲ್ಲಿ ಹೊಸಬನಿಗೆ ಕೊಡುವುದು ಇಷ್ಟೇ: ಹರಿದ ಚಡ್ಡಿ, ಕೈಯಲ್ಲಿ ನೀರು ಚೆಲ್ಲುವ ಒಂದು ಡಬ್ಬ, ಬಂದರಿನ ಕಟ್ಟೆ. ತಾಯ್ನಾಳ ದೋಣಿ ಎದುರಿಗೇ ಇತ್ತು. ಕರೆದೆ.

"ಅಪ್ಪಾ? ನೀನಾ? ಹೇಗೆ ಬಂದೆ?"

"ವಿಂಡೋಸ್ ಹಾಕ್ಕೊಂಡೆ."

ದೋಣಿಯನ್ನು ಕಟ್ಟೆಗೆ ಒರಗಿಸಿದಳು. ಆಮೇಲೆ ಕೇಳಿದಳು, "ಎಷ್ಟೊತ್ತು ಬೇಕಾಯ್ತು?"

"ಒಂದು ಮಧ್ಯಾಹ್ನ."

"ಬರೀ ಒಂದು ಮಧ್ಯಾಹ್ನನಾ?"

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಣಿತದ ಉತ್ತರ ತಾಳೆ ನೋಡುವವಳ ಹಾಗೆ ಕೇಳಿದಳು. ಜುಲೈಯಿಂದ ನಾನು ಅವಳಿಗೆ ಕೊಡದೆ ಇಟ್ಟುಕೊಂಡದ್ದು ಅಷ್ಟೇ, ಒಂದು ಮಧ್ಯಾಹ್ನ. ಅವಳಿಗೆ ಅದು ಅರ್ಥವಾಯಿತು, ನನಗೂ ಆಯಿತು.

ಅಷ್ಟರಲ್ಲಿ ದೋಣಿಯಿಂದ ಗಂಡಸಿನ ದನಿ. "ನಮಸ್ಕಾರ ನಿಲ್ಮಾರ್ ಅವ್ರೇ. ನಾನು ಎವಾಂದ್ರೊ. ದೋಣಿ ವಾಪಸ್ ಬಂದ್ರೂ ಮೂರನೆಯವರಿಲ್ಲ ಅಂತ ಇವಳು ಅಳ್ತಾ ಕೂತಿದ್ಲು, ಅದಕ್ಕೆ ನಾನೇ ನೀರು ಚೆಲ್ಲೋಕೆ ಬಂದೆ. ನಂಗೆ ಏನೂ ಬರಲ್ಲ, ದಿನಾ ಬೈಸ್ಕೋತೀನಿ. ನೀವು ಬನ್ನಿ, ನಾನು ಇಳೀತೀನಿ."

ಒಳ್ಳೆಯ ಮನುಷ್ಯ. ಅದೇ ಕಷ್ಟ.

"ಬೇಡ, ನೀವು ಇರಿ" ಎಂದದ್ದು ನಾನಲ್ಲ. ತಾಯ್ನಾ.

"ಮಧ್ಯದಲ್ಲಿ ಇಳಿದ್ರೆ ಈ ಪ್ರಯಾಣ ಹಾಳಾಗುತ್ತೆ ಅಪ್ಪ. ಬುಧವಾರ ನೋಡೋಣ, ಆಯ್ತಾ?"

ಆಯ್ತು ಅಂದೆ. ದೋಣಿ ಹೋಯಿತು. ಚೆನ್ನಾಗಿ ತಿರುಗಿಸಿದಳು ಚುಕ್ಕಾಣಿ.

ಆಗಸ್ಟ್ 30, ಬುಧವಾರ, ಏಳು

ಕೂತಿದ್ದೇನೆ. ಆಟ ಸಲೀಸಾಗಿ ಓಡುತ್ತಿದೆ. ಮೊದಲೂ ಹೀಗೇ ಓಡುತ್ತಿತ್ತು, ಅದನ್ನು ಯಾರಿಗೂ ಹೇಳಿ ಪ್ರಯೋಜನವಿಲ್ಲ.

ತಾಯ್ನಾ ಹೆಸರಿನ ಪಕ್ಕ ಹಸಿರು ಚುಕ್ಕೆ. ದೋಣಿ ಬಂದರಿನಲ್ಲಿದೆ. ಒಳಗೆ ರಾಯ್ಸಾ, ಎವಾಂದ್ರೊ. ಮೂರೂ ಜಾಗ ತುಂಬಿದೆ. ನಾನು ಕೇಳಿದರೆ ಅವನು ಇಳಿಯುತ್ತಾನೆ, ಖಂಡಿತ ಇಳಿಯುತ್ತಾನೆ. ಅವಳ ಮುಖ ಹೇಗಾಗುತ್ತದೋ, ಇಲ್ಲಿಂದ ಕಾಣುವುದಿಲ್ಲ.

ಕೇಳದೆ ಕೂತರೆ ಅದೂ ಹಠವೇ. ಮೆಸೇಜ್ ಬರೆಯಲು ಶುರು ಮಾಡಿದೆ — ಪುಟ್ಟಾ, ಇವತ್ತು ನಾನು ನೀರು ಚೆಲ್ಲೋಕೆ ಬರ್ಲಾ? ಆಗಲ್ಲ ಅಂದ್ರೆ ಶನಿವಾರದವರೆಗೆ ಕಾಯ್ತೀನಿ.