ಕೇಳಿಸದೆ ಒತ್ತಿದ ಗುಂಡಿ

ಅಪ್ಪಾ,

ನೀನು ತೀರಿಕೊಂಡು ವರ್ಷವಾದರೂ ಭಾನುವಾರ ಬಂದರೆ ಕೈ ಫೋನಿನ ಕಡೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗದ್ದಲದ ನಡುವೆ ಮಿದುಳು ಒಂದು ದನಿಯನ್ನು ಹೇಗೆ ಹೆಕ್ಕಿಕೊಳ್ಳುತ್ತದೆ ಎಂಬ ನನ್ನ ಪ್ರಯೋಗಕ್ಕೆ ಮೊನ್ನೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ತಲೆಗೆ ತಂತಿಗಳ ಟೋಪಿ ತೊಡಿಸಿ, ಗಾಜಿನ ಕೋಣೆಯಲ್ಲಿ ಕೂರಿಸಿ, ಮಾತು ಕೇಳಿಸಿದರೆ ಮಾತ್ರ ಗುಂಡಿ ಒತ್ತಿ ಎಂದೆ. ಅವರೋ, ನಾನು ತಲೆಯೆತ್ತಿದಾಗಲೆಲ್ಲ ಒತ್ತಿದರು. ಪರದೆಯ ಮೇಲೆ ಮಿದುಳು ಸ್ಪಂದಿಸಿದ ಗುರುತೇ ಇರಲಿಲ್ಲ. ಹೊರಗೆ ಕರೆದು, ಹತ್ತಿರ ಕೂತು ಗಟ್ಟಿಯಾಗಿ ಕೇಳಿದೆ.

"ಕೇಳಿಸದಿದ್ರೂ ಯಾಕೆ ಒತ್ತಿದ್ರಿ?"

"ಅಷ್ಟು ಆಸೆಯಿಂದ ನೋಡ್ತಿದ್ರಲ್ಲಮ್ಮಾ, ಇಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ. ಮನೇಲೂ ಅಷ್ಟೇ, ಮಗಳು ಏನಂದ್ರೂ ಹೂಂ ಅಂದ್ಬಿಡ್ತೀನಿ," ಎಂದು ನಕ್ಕರು.

ನಾನು ನಗಲಿಲ್ಲ. ಫೋನಿನಲ್ಲಿ ನನ್ನ ಕೊರೆತಕ್ಕೆಲ್ಲ ನೀನೂ ಹೂಂಗುಟ್ಟುತ್ತಿದ್ದೆ. "ಈ ಸಲವೂ ಬರೋಕಾಗಲ್ಲಪ್ಪಾ" ಎಂದಾಗ, "ಹೂಂ ಪುಟ್ಟಾ, ತುಂಬ ಸಂತೋಷ" ಎಂದಿದ್ದೆ. ನಾನು ಬರದಿರುವುದೇ ನಿನಗೆ ಸಂತೋಷವಾ ಎಂದು ಮುನಿಸಿಕೊಂಡು ಮೂರು ತಿಂಗಳು ಫೋನ್ ಮಾಡಲಿಲ್ಲ. ಕೊನೆಗೆ ಫೋನ್ ಬಂದದ್ದು ನಿನ್ನ ಪಕ್ಕದ ಮನೆಯವರಿಂದ.

ಕೇಳಿಸಿಕೊಳ್ಳುವುದರ ಬಗ್ಗೆ ನಾನು ಹನ್ನೊಂದು ಪ್ರಬಂಧ ಬರೆದಿದ್ದೇನೆ.

ಡ್ರೈವರನ್ನು ಹಾಗೇ ಕಳಿಸಲಿಲ್ಲ. ಕಿವಿ ಪರೀಕ್ಷೆ ಮಾಡಿಯೇ ಕಳಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು, ಅಪ್ಪಾ. ಇಪ್ಪತ್ತೇ ನಿಮಿಷ.